8 ಜನ, 25 ತಿಂಗಳು: ಅಡಗಿದ್ದವರಿಗೆ ಊಟ ತಂದುಕೊಟ್ಟವರು ಯಾರು?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ನಾಜಿಗಳಿಗೆ ಹೆದರಿ ಅಡಗಿ ಕೂತು ದಿನಚರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಬಗ್ಗೆ ಮಗಳು ಶಾಲೆಯಲ್ಲಿ ಓದುತ್ತಿದ್ದಾಳೆ. ಅವಳು ಕೇಳುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕೆಳಗೆ ಜನ ಕೆಲಸ ಮಾಡುತ್ತಿದ್ದ ಕಟ್ಟಡದಲ್ಲೇ 8 ಜನ ಎರಡು ವರ್ಷ ಹೇಗೆ ಅಡಗಿದ್ದರು? ಊಟ ಎಲ್ಲಿಂದ ಬರುತ್ತಿತ್ತು? ಸಂಡಾಸಿಗೆ ಏನು ಮಾಡುತ್ತಿದ್ದರು? ದುಡ್ಡು ಯಾರದು? ಮೊದಲೇ ದೇಶ ಬಿಟ್ಟು ಹೋಗಬಹುದಿತ್ತಲ್ವಾ? ಕೊನೆಗೆ ಹಿಡಿದುಕೊಟ್ಟವರು ಯಾರು, ಸಹಾಯ ಮಾಡಿದವರಿಗೆ ಏನಾಯಿತು?

ಉತ್ತರ: ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಈ ಕಥೆ ಹೇಳುವವರು ಸಾಮಾನ್ಯವಾಗಿ ಪುಸ್ತಕದ ಕಪಾಟಿನ ಹಿಂದಿದ್ದ ಗುಟ್ಟಿನ ಬಾಗಿಲಿನ ಬಗ್ಗೆ ಹೇಳುತ್ತಾರೆ, ಆಮೇಲೆ ನೇರವಾಗಿ ಪೊಲೀಸರು ಬಂದ ದಿನಕ್ಕೆ ಹೋಗಿಬಿಡುತ್ತಾರೆ. ನಡುವಿನ 25 ತಿಂಗಳು ಹಾಗೇ ಉಳಿದುಹೋಗುತ್ತದೆ. ಆದರೆ ಅಡಗಿ ಬದುಕುವುದು ಅಂದರೆ ಆ 25 ತಿಂಗಳೇ. 8 ಜನಕ್ಕೆ ದಿನಾ ಬ್ರೆಡ್ಡು ಬೇಕು, ಆಲೂಗಡ್ಡೆ ಬೇಕು, ಕೆಮ್ಮಿಗೆ ಔಷಧಿ ಬೇಕು. ಅದನ್ನು ಯಾರೋ ಹೊರಗಿನವರು, ಯಾರಿಗೂ ಅನುಮಾನ ಬಾರದ ಹಾಗೆ, ದಿನಾ ತರಬೇಕು. ನನ್ನ ಪ್ರಕಾರ ಅವರನ್ನು ಉಳಿಸಿದ್ದು ಗೋಡೆ, ಕಪಾಟು ಅಲ್ಲ. ಹೊರಗಿದ್ದ ಹತ್ತಾರು ಜನರ ದಿನದಿನದ ಕೆಲಸ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಒಂದೊಂದು ಪ್ರಶ್ನೆಗೂ ಉತ್ತರ ಹೇಳುತ್ತೇನೆ.

ಮೊದಲು ದೇಶ ಬಿಡುವ ವಿಷಯ. ಫ್ರಾಂಕ್ ಕುಟುಂಬ ಆಗಲೇ ಒಂದು ಸಲ ದೇಶ ಬಿಟ್ಟು ಬಂದಿತ್ತು. ಅವರು ಜರ್ಮನಿಯ ಫ್ರಾಂಕ್‌ಫರ್ಟ್‌ನವರು. ತಂದೆ ಆಟೊ ಫ್ರಾಂಕ್ ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಅವರು ಹಾಲೆಂಡಿನ ಆಮ್‌ಸ್ಟರ್‌ಡಾಮ್‌ಗೆ ಬಂದು, ಮನೆಯಲ್ಲಿ ಜಾಮ್ ಮಾಡುವವರಿಗೆ ಅದು ಗಟ್ಟಿಯಾಗಲು ಹಾಕುವ ಪೆಕ್ಟಿನ್ ಮಾರುವ ಒಪೆಕ್ಟಾ ಅನ್ನುವ ಕಂಪನಿ ಶುರು ಮಾಡಿದರು. ಹೆಂಡತಿ ಎಡಿತ್, ಮಕ್ಕಳಾದ ಮಾರ್ಗಟ್ ಮತ್ತು ಆನ್ ಆಮೇಲೆ ಬಂದು ಸೇರಿದರು. ಹಾಲೆಂಡ್ ಮೊದಲ ಯುದ್ಧದಲ್ಲಿ ತಟಸ್ಥವಾಗಿತ್ತು, ಈ ಸಲವೂ ಹಾಗೇ ಇರುತ್ತದೆ ಅಂತ ಬಹಳ ಜನ ನಂಬಿದ್ದರು. 1940ರ ಮೇ 10ಕ್ಕೆ ಜರ್ಮನ್ ಸೈನ್ಯ ನುಗ್ಗಿತು, ಐದು ದಿನದಲ್ಲಿ ದೇಶ ಶರಣಾಯಿತು.

ಆಟೊ ಅಮೆರಿಕಕ್ಕೆ ಹೋಗಲು 1938ರಲ್ಲೇ ಅರ್ಜಿ ಹಾಕಿದ್ದರು. ಆ ಕಾಗದಪತ್ರಗಳೆಲ್ಲ ರಾಟರ್‌ಡಾಮ್‌ನ ಅಮೆರಿಕನ್ ಕಾನ್ಸುಲೇಟಿನಲ್ಲಿದ್ದವು. 1940ರ ಮೇ 14ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. 1941ರಲ್ಲಿ ಅವರು ಮತ್ತೆ ಶುರು ಮಾಡಿದರು. ಕಾಲೇಜು ದಿನಗಳ ಗೆಳೆಯ, ಅಮೆರಿಕದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನೇಥನ್ ಸ್ಟ್ರಾಸ್‌ಗೆ ಪತ್ರದ ಮೇಲೆ ಪತ್ರ ಬರೆದರು. ಅಷ್ಟರಲ್ಲಿ ಜರ್ಮನ್ ಹಿಡಿತದ ದೇಶಗಳಲ್ಲಿದ್ದ ಅಮೆರಿಕನ್ ಕಾನ್ಸುಲೇಟುಗಳೇ ಮುಚ್ಚಿದವು. ಕ್ಯೂಬಾಗೆ ಪ್ರಯತ್ನ ಮಾಡಿದರು. 1941ರ ಡಿಸೆಂಬರ್ 1ಕ್ಕೆ ಆಟೊ ಒಬ್ಬರಿಗೆ ಮಾತ್ರ ವೀಸಾ ಸಿಕ್ಕಿತು. ಹತ್ತು ದಿನಕ್ಕೆ ಜರ್ಮನಿ ಅಮೆರಿಕದ ಮೇಲೆ ಯುದ್ಧ ಸಾರಿತು, ವೀಸಾ ರದ್ದಾಯಿತು. ಕದ್ದು ಓಡಿಹೋಗೋಣ ಅಂದರೆ ಹಾಲೆಂಡ್ ಚಪ್ಪಟೆ ನೆಲ. ಬೆಟ್ಟ ಇಲ್ಲ, ದಟ್ಟ ಕಾಡು ಇಲ್ಲ. ಒಂದು ಕಡೆ ಜರ್ಮನಿ, ಇನ್ನೊಂದು ಕಡೆ ಜರ್ಮನರೇ ಹಿಡಿದಿದ್ದ ಬೆಲ್ಜಿಯಂ, ಮತ್ತೊಂದು ಕಡೆ ಕಾವಲಿದ್ದ ಸಮುದ್ರ. "ಯಾಕೆ ಓಡಿಹೋಗಲಿಲ್ಲ" ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಅವರು ಬಾಗಿಲು ತಟ್ಟಿದರು, ಮತ್ತೆ ಮತ್ತೆ ತಟ್ಟಿದರು. ಒಳಗಿದ್ದವರು ತೆಗೆಯಲಿಲ್ಲ.

ಅಷ್ಟರಲ್ಲಿ ಊರಿನೊಳಗಿನ ಬದುಕು ಸಣ್ಣದಾಗುತ್ತಾ ಬಂತು. ಯಹೂದಿಗಳು ಸಿನಿಮಾಕ್ಕೆ ಹೋಗಬಾರದು, ಟ್ರಾಮ್ ಹತ್ತಬಾರದು, ರಾತ್ರಿ 8ರ ಮೇಲೆ ಹೊರಗೆ ಕಾಲಿಡಬಾರದು, ಅಂಗಡಿಗೆ ಮಧ್ಯಾಹ್ನ 3ರಿಂದ 5ರ ಒಳಗೆ ಮಾತ್ರ ಹೋಗಬೇಕು. 1942ರ ಮೇನಿಂದ ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಾಯಿತು. ಜೂನ್‌ನಲ್ಲಿ ಸೈಕಲ್‌ಗಳನ್ನೂ ಒಪ್ಪಿಸಬೇಕಾಯಿತು. ಕಂಪನಿ ನಡೆಸುವ ಹಕ್ಕೂ ಹೋಗಿತ್ತು. ಆಟೊ ಮುಂಚೆಯೇ ಯೋಚಿಸಿ ತಮ್ಮ ಎರಡು ಕಂಪನಿಗಳನ್ನು ಯಹೂದಿಯಲ್ಲದ ಸಹೋದ್ಯೋಗಿಗಳು, ಗೆಳೆಯರ ಹೆಸರಿಗೆ ಮಾಡಿದ್ದರು. ಒಂದಕ್ಕೆ ಕ್ಲೈಮನ್, ಇನ್ನೊಂದಕ್ಕೆ ಕೂಗ್ಲರ್ ಮತ್ತು ಯಾನ್ ಗೀಸ್. ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ದುಡ್ಡಿನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಆಫೀಸು ಇದ್ದದ್ದು ಪ್ರಿನ್ಸನ್‌ಗ್ರಾಖ್ಟ್ ಕಾಲುವೆ ಪಕ್ಕ, 263ನೇ ನಂಬರಿನ ಕಟ್ಟಡದಲ್ಲಿ. ಆಮ್‌ಸ್ಟರ್‌ಡಾಮ್‌ನ ಹಳೆಯ ಕಾಲುವೆ ಮನೆಗಳು ಮುಂದೆ ಅಗಲ ಕಡಿಮೆ, ಹಿಂದಕ್ಕೆ ಉದ್ದ. ಎಷ್ಟೋ ಮನೆಗಳಿಗೆ ಹಿಂದುಗಡೆ ಇನ್ನೊಂದು ಮನೆಯೇ ಅಂಟಿಕೊಂಡಿರುತ್ತದೆ, ರಸ್ತೆಯಲ್ಲಿ ನಿಂತವರಿಗೆ ಅದು ಕಾಣುವುದೇ ಇಲ್ಲ. ನೆಲ ಅಂತಸ್ತಿನಲ್ಲಿ ಗೋದಾಮು, ಮೊದಲ ಮಹಡಿಯಲ್ಲಿ ಆಫೀಸು. ಹಿಂದಿನ ಭಾಗದ ಎರಡನೇ, ಮೂರನೇ ಮಹಡಿ ಮತ್ತು ಅಟ್ಟ ಖಾಲಿ ಬಿದ್ದಿತ್ತು. ಅಲ್ಲಿ ಅಡಗುವ ಯೋಚನೆ ತಿಂಗಳುಗಟ್ಟಲೆ ಮುಂಚೆಯೇ ಆಗಿತ್ತು. ಸಾಮಾನು, ಡಬ್ಬಿಯ ಆಹಾರ, ಹಾಸಿಗೆ ಎಲ್ಲ ಸ್ವಲ್ಪ ಸ್ವಲ್ಪವಾಗಿ ಒಳಗೆ ಸೇರಿತ್ತು. ಜುಲೈ 16ಕ್ಕೆ ಹೋಗುವುದು ಅಂತ ಇಟ್ಟುಕೊಂಡಿದ್ದರು. ಆದರೆ ಜುಲೈ 5ರ ಭಾನುವಾರ, 16 ವರ್ಷದ ಮಾರ್ಗಟ್ ಹೆಸರಿಗೆ ಜರ್ಮನಿಯಲ್ಲಿ ಕೆಲಸಕ್ಕೆ ಹಾಜರಾಗಬೇಕು ಅಂತ ಆದೇಶ ಬಂತು. ಮಾರನೇ ದಿನವೇ ಹೊರಟರು.

ಹೇಗೆ ಹೊರಟರು ಅನ್ನುವುದನ್ನು ಮಗಳಿಗೆ ಹೇಳಿ. ನಕ್ಷತ್ರ ಹಾಕಿಕೊಂಡವರು ಸೂಟ್‌ಕೇಸ್ ಹಿಡಿದು ನಡೆದರೆ ತಕ್ಷಣ ಅನುಮಾನ. ಅದಕ್ಕೆ ಆನ್ ಒಂದರ ಮೇಲೊಂದು ಬಟ್ಟೆ ಹಾಕಿಕೊಂಡಳು, ಜುಲೈನಲ್ಲಿ. ಮಾರ್ಗಟ್ ಮೊದಲು ಹೋದಳು, ಒಪ್ಪಿಸದೆ ಉಳಿಸಿಕೊಂಡಿದ್ದ ಸೈಕಲ್ ಮೇಲೆ, ಆಫೀಸಿನ ಮೀಪ್ ಗೀಸ್ ಜೊತೆ. ಉಳಿದ ಮೂವರು ಸುರಿಯುವ ಮಳೆಯಲ್ಲಿ ಊರಿನ ದಕ್ಷಿಣ ಭಾಗದಿಂದ ಮಧ್ಯದವರೆಗೆ ನಡೆದೇ ಹೋದರು. ಮನೆಯಲ್ಲಿ ಹಾಸಿಗೆ ಮಡಚಲಿಲ್ಲ, ತಿಂಡಿಯ ತಟ್ಟೆ ಎತ್ತಲಿಲ್ಲ. ಸ್ವಿಟ್ಜರ್ಲೆಂಡಿಗೆ ಓಡಿಹೋದರು ಅಂತ ಅನ್ನಿಸುವ ಹಾಗೆ ಒಂದು ಸುಳಿವು ಬಿಟ್ಟರು. ಅಕ್ಕಪಕ್ಕದವರು ಅದನ್ನೇ ನಂಬಿದರು.

ಒಂದು ವಾರಕ್ಕೆ, ಜುಲೈ 13ಕ್ಕೆ, ಫಾನ್ ಪೆಲ್ಸ್ ಕುಟುಂಬ ಬಂತು. ಹರ್ಮನ್ ಕಂಪನಿಯಲ್ಲಿ ಮಸಾಲೆಗಳ ತಜ್ಞ. ಅವರ ಹೆಂಡತಿ ಔಗುಸ್ಟ, ಮಗ ಪೀಟರ್. ನವೆಂಬರ್ 16ಕ್ಕೆ ಹಲ್ಲಿನ ಡಾಕ್ಟರ್ ಫ್ರಿಟ್ಜ್ ಫೆಫರ್ ಸೇರಿಕೊಂಡರು. ಅವರು ಆನ್ ಜೊತೆ ಒಂದೇ ಕೋಣೆಯಲ್ಲಿದ್ದರು. 13 ವರ್ಷದ ಹುಡುಗಿ ಮತ್ತು 50 ದಾಟಿದ ಗಂಡಸು ಒಂದೇ ಮೇಜಿಗೆ ಸರದಿ ಹಾಕಬೇಕಾದ ಜಾಗ ಅದು. ಜಗಳ ಆಗದೇ ಇರುತ್ತಾ?

ಇನ್ನು ಕೆಳಗಿನವರಿಗೆ ಹೇಗೆ ಗೊತ್ತಾಗಲಿಲ್ಲ ಅಂತ. ಆಫೀಸಿನ ನಾಲ್ವರಿಗೆ ಎಲ್ಲ ಗೊತ್ತಿತ್ತು: ಕ್ಲೈಮನ್, ಕೂಗ್ಲರ್, ಮೀಪ್, ಟೈಪಿಸ್ಟ್ ಬೆಪ್. ಗೋದಾಮಿನ ಮೇಲ್ವಿಚಾರಕ ಬೆಪ್‌ಳ ಅಪ್ಪ. ಅವರಿಗೂ ಸ್ವಲ್ಪ ದಿನದಲ್ಲೇ ಹೇಳಿದರು. ಸೈಕಲ್ ಹುಡುಕುವ ನೆಪದಲ್ಲಿ ಮನೆ ಮನೆ ತಪಾಸಣೆ ಜಾಸ್ತಿಯಾದಾಗ, 1942ರ ಆಗಸ್ಟ್‌ನಲ್ಲಿ ಆ ತಿರುಗುವ ಕಪಾಟನ್ನು ಮಾಡಿಕೊಟ್ಟವರು ಅವರೇ. ಗೋದಾಮಿನ ಉಳಿದ ಕೆಲಸಗಾರರಿಗೆ ಏನೂ ಗೊತ್ತಿರಲಿಲ್ಲ.

ಅತಿ ಅಪಾಯದ ಹೊತ್ತು ಯಾವುದು ಗೊತ್ತಾ? ಬೆಳಿಗ್ಗೆ 8:30ರಿಂದ 9. ಗೋದಾಮಿನವರು ಬಂದಾಗಿದೆ, ಆಫೀಸಿನವರು ಇನ್ನೂ ಬಂದಿಲ್ಲ. ಆಗ ಮೇಲೆ ಒಂದು ಹೆಜ್ಜೆ ಸಪ್ಪಳ ಆದರೂ ಅದಕ್ಕೆ ಕಾರಣವೇ ಇರುವುದಿಲ್ಲ. ಶೂ ಹಾಕುವಂತಿಲ್ಲ, ನಲ್ಲಿ ತಿರುಗಿಸುವಂತಿಲ್ಲ, ಫ್ಲಶ್ ಮಾಡುವಂತಿಲ್ಲ. ಆಫೀಸಿನವರು ಬಂದ ಮೇಲೆ ಸಣ್ಣಪುಟ್ಟ ಸದ್ದು ಅವರದ್ದು ಅಂತ ಆಗುತ್ತಿತ್ತು, ಆದರೂ ಸಂಜೆಯವರೆಗೆ ಪಿಸುಮಾತೇ. ಮಧ್ಯಾಹ್ನ 12:30ಕ್ಕೆ ಗೋದಾಮಿನವರು ಊಟಕ್ಕೆ ಹೋಗುತ್ತಿದ್ದರು. ಆಗ ಉಸಿರಾಡಲು ಒಂದು ಗಂಟೆ ಸಿಗುತ್ತಿತ್ತು, ಕೆಳಗಿನ ಗೆಳೆಯರು ಮೇಲೆ ಬರುತ್ತಿದ್ದರು, ಬಿಬಿಸಿ ಸುದ್ದಿ, ಸೂಪು, ಹೊರಗಿನ ಮಾತು. ಸಂಜೆ 5:30ರ ಮೇಲೆ ಕಟ್ಟಡ ಇವರದು. ಕೆಳಗಿಳಿದು ಆಫೀಸಿನಲ್ಲಿ ಓಡಾಡುತ್ತಿದ್ದರು, ಬಿಸಿನೀರು ತರುತ್ತಿದ್ದರು, ತೊಟ್ಟಿಯಲ್ಲಿ ಕೂತು ಸ್ನಾನ ಮಾಡುತ್ತಿದ್ದರು. ಒಬ್ಬೊಬ್ಬರೂ ಸ್ನಾನಕ್ಕೆ ಒಂದೊಂದು ಜಾಗ ಹುಡುಕಿಕೊಂಡಿದ್ದರು.

ಸಂಡಾಸು ಇತ್ತು, ನೀರಿನ ಸಂಪರ್ಕವೂ ಇತ್ತು. ಎಷ್ಟೋ ಅಡಗುತಾಣಗಳಲ್ಲಿ ಅದೂ ಇರಲಿಲ್ಲ. ಆದರೆ ಕೊಳವೆ ಗೋಡೆಯೊಳಗೆ ಕೆಳಗಿನವರೆಗೂ ಹೋಗುತ್ತಿತ್ತಲ್ಲ, ನೀರು ಬಿಟ್ಟರೆ ಸದ್ದು. ಒಂದು ಸಲ ಕೆಳಗೆ ಪ್ಲಂಬರ್ ಕೆಲಸಕ್ಕೆ ಬಂದಾಗ ಸಂಡಾಸು, ನಲ್ಲಿ ಎರಡನ್ನೂ ಮುಟ್ಟದೆ ಗಾಜಿನ ಜಾಡಿ ಇಟ್ಟುಕೊಂಡು ಕಳೆದರು. ಅದಕ್ಕಿಂತ ಕಷ್ಟ ಮಾತಾಡದೆ ಕೂರುವುದಾಗಿತ್ತು ಅಂತ ಆನ್ ಬರೆಯುತ್ತಾಳೆ. ಕಸ ಹೊರಗೆ ಎಸೆಯುವಂತಿಲ್ಲ. ಕಸದ ಡಬ್ಬಿಯಲ್ಲಿ 8 ಜನರ ಸಿಪ್ಪೆ ಕಂಡರೆ ಗೋದಾಮಿನವರು ಕೇಳುವುದಿಲ್ವಾ? ಅದಕ್ಕೆ ಒಲೆಯಲ್ಲಿ ಸುಡುತ್ತಿದ್ದರು. ಬೇಸಿಗೆಯಲ್ಲೂ ಒಲೆ ಹಚ್ಚಬೇಕು, ಹೊಗೆ ಕಂಡರೆ ಅದೂ ಅಪಾಯ. ಕಾಯಿಲೆ ಇನ್ನೊಂದು ಭಯ. ಮಾರ್ಗಟ್‌ಗೆ ಕೆಮ್ಮು ಬಂದಾಗ ರಾತ್ರಿ ಸದ್ದಾಗಬಾರದು ಅಂತ ಕೆಮ್ಮು ತಡೆಯುವ ಕೊಡೀನ್ ಔಷಧಿ ಕುಡಿಸುತ್ತಿದ್ದರು. ಆನ್‌ಗೆ ದೂರದ್ದು ಕಾಣುವುದು ಕಡಿಮೆಯಾಯಿತು, ಕನ್ನಡಕ ಬೇಕಿತ್ತು. ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗೋಣವೇ ಅಂತ ಮಾತಾಯಿತು, ಹೋಗಲಿಲ್ಲ. ಬೆಳೆಯುವ ವಯಸ್ಸಿನ ಹುಡುಗಿ, ಎರಡು ವರ್ಷದಲ್ಲಿ 13 ಸೆಂಟಿಮೀಟರಿಗಿಂತ ಜಾಸ್ತಿ ಎತ್ತರವಾದಳು. ಅಪ್ಪ ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಆ ಗೆರೆಗಳು ಈಗಲೂ ಇವೆ.

ಈಗ ಊಟ. ಇದೇ ನಿಜವಾಗಿ ಕಷ್ಟದ ಭಾಗ.

ಯುದ್ಧದ ಹಾಲೆಂಡಿನಲ್ಲಿ ದುಡ್ಡಿದ್ದರೆ ಸಾಲದು, ಕೂಪನ್ ಬೇಕು. ಬ್ರೆಡ್ಡಿಗೆ, ಬೆಣ್ಣೆಗೆ, ಮಾಂಸಕ್ಕೆ, ಸಕ್ಕರೆಗೆ, ಸೋಪಿಗೆ, ಎಲ್ಲಕ್ಕೂ. ಕೂಪನ್ ಸಿಗುವುದು ಹೆಸರು ನೋಂದಾಯಿಸಿದವರಿಗೆ. ಅಡಗಿದವರು ಸರ್ಕಾರದ ಲೆಕ್ಕದಲ್ಲಿ ಇಲ್ಲ, ಕೂಪನ್ ಕೇಳಲು ಹೋದರೆ ಅಲ್ಲೇ ಸಿಕ್ಕಿಬೀಳುತ್ತಾರೆ. ಮೀಪ್ ಅವರ ಗಂಡ ಯಾನ್ ಗೀಸ್ ನಗರದ ಸಮಾಜ ಸೇವಾ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದರು, ಗುಟ್ಟಾಗಿ ಜರ್ಮನರ ವಿರುದ್ಧ ಕೆಲಸ ಮಾಡುತ್ತಿದ್ದ ಪ್ರತಿರೋಧದವರ ಜೊತೆಗೂ ಇದ್ದರು. ಅವರ ಮೂಲಕ ಕೂಪನ್ ಬರುತ್ತಿತ್ತು. ಕಂಪನಿಯ ಇಬ್ಬರು ಮಾರಾಟ ಪ್ರತಿನಿಧಿಗಳ ಕಡೆಯಿಂದ ಕಾಳಸಂತೆಯ ಕೂಪನ್ನೂ ಬರುತ್ತಿತ್ತು.

ಕೂಪನ್ ಕೈಗೆ ಬಂದರೆ ಮುಗಿಯಲಿಲ್ಲ. ಗಂಡ ಹೆಂಡತಿ ಇಬ್ಬರೇ ಇರುವ ಮನೆಯ ಹೆಂಗಸು ದಿನಾ ಹತ್ತು ಜನಕ್ಕಾಗುವಷ್ಟು ತರಕಾರಿ ಕೊಂಡರೆ ಅಂಗಡಿಯವನು ಏನಂದುಕೊಳ್ಳುತ್ತಾನೆ? ಅದಕ್ಕೆ ಕೆಲಸ ಹಂಚಿಕೊಂಡರು. ಬ್ರೆಡ್ಡು ಕ್ಲೈಮನ್‌ಗೆ ಪರಿಚಯವಿದ್ದ ಬೇಕರಿಯವರಿಂದ. ಮಾಂಸ ಹರ್ಮನ್ ಫಾನ್ ಪೆಲ್ಸ್ ಗೆಳೆಯನಾದ ಕಟುಕನಿಂದ. ಹಾಲು ಬೆಪ್ ಜವಾಬ್ದಾರಿ. ತರಕಾರಿ ಮೀಪ್ ತರುತ್ತಿದ್ದರು, ಹತ್ತಿರದ ಲೆಲಿಗ್ರಾಖ್ಟ್‌ನಲ್ಲಿ ಅಂಗಡಿ ಇಟ್ಟಿದ್ದ ಹೆಂಡ್ರಿಕ್ ಫಾನ್ ಹೂವೆ ಹತ್ತಿರ.

ಈ ಫಾನ್ ಹೂವೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು ಅನ್ನಿಸುತ್ತದೆ, ಯಾಕಂದರೆ ಇಂಥವರ ಹೆಸರು ಪಾಠದಲ್ಲಿ ಬರುವುದಿಲ್ಲ. ಮೀಪ್ ಅವರಿಗೆ ಏನೂ ಹೇಳಿರಲಿಲ್ಲ. ಅವರೂ ಏನೂ ಕೇಳಲಿಲ್ಲ. ಈ ಹೆಂಗಸು ಜಾಸ್ತಿ ತರಕಾರಿ ಕೊಳ್ಳುತ್ತಾಳೆ ಅಂತ ಗಮನಿಸಿ, ಅವಳಿಗಾಗಿ ಮೊದಲೇ ಎತ್ತಿಡಲು ಶುರು ಮಾಡಿದರು. ಆಲೂಗಡ್ಡೆಯ ಭಾರದ ಚೀಲಗಳನ್ನು ತಾವೇ ಹೊತ್ತು ತರುತ್ತಿದ್ದರು, ಅದೂ ಸರಿಯಾಗಿ ಮಧ್ಯಾಹ್ನದ ಹೊತ್ತಿಗೆ, ಗೋದಾಮಿನವರು ಇಲ್ಲದಾಗ. ಆ ಹೊತ್ತಿಗೇ ಬನ್ನಿ ಅಂತ ಹೇಳಿದವರು ಯಾರೂ ಇಲ್ಲ, ಅರ್ಥ ಮಾಡಿಕೊಂಡಿದ್ದರು ಅಷ್ಟೇ. ರಾತ್ರಿ ಪೀಟರ್ ಇಳಿದು ಬಂದು ಮೇಲೆ ಒಯ್ಯುತ್ತಿದ್ದ. 1944ರ ಈಸ್ಟರ್ ಸಮಯದಲ್ಲಿ ಗೋದಾಮಿಗೆ ಕಳ್ಳರು ನುಗ್ಗಿ ಬಾಗಿಲು ಒಡೆದರು. ಪೊಲೀಸರು ಒಳಗೆ ಬಂದು ಕಪಾಟಿನವರೆಗೂ ಹತ್ತಿ ಅದನ್ನು ಅಲ್ಲಾಡಿಸಿ ಹೋದರು. 8 ಜನ ರಾತ್ರಿಯಿಡೀ ನೆಲದ ಮೇಲೆ ಮಿಸುಕದೆ ಬಿದ್ದಿದ್ದರು. ಆ ಮುರಿದ ಬಾಗಿಲನ್ನು ಫಾನ್ ಹೂವೆ ಕೂಡ ನೋಡಿದ್ದರು. ಆದರೆ ಪೊಲೀಸರಿಗೆ ತಿಳಿಸಲಿಲ್ಲ. ತಿಳಿಸದಿರುವುದೇ ಒಳ್ಳೆಯದು ಅಂದುಕೊಂಡೆ ಅಂತ ಮಾತ್ರ ಯಾನ್‌ಗೆ ಹೇಳಿದರು.

ಇಷ್ಟೆಲ್ಲ ಇದ್ದರೂ ಹೊಟ್ಟೆ ತುಂಬುತ್ತಿತ್ತು ಅಂತಲ್ಲ. ಒಂದು ತರಕಾರಿ ಸಿಕ್ಕರೆ ವಾರಗಟ್ಟಲೆ ಅದೇ. ಪಾಲಕ್ ಬಂದರೆ ಪಾಲಕ್, ಕೋಸು ಬಂದರೆ ಕೋಸು, ಆಮೇಲೆ ಬರೀ ಒಣ ಕಾಳು. ಆಲೂಗಡ್ಡೆಯಲ್ಲಿ ಅರ್ಧ ಕೊಳೆತದ್ದು. ಒಂದು ಸಲ ಪೀಟರ್ ಕಾಳಿನ ಚೀಲ ಹೊತ್ತು ಅಟ್ಟ ಹತ್ತುವಾಗ ಹೊಲಿಗೆ ಬಿಚ್ಚಿ ಕಾಳು ಮೆಟ್ಟಿಲ ತುಂಬಾ ಸುರಿದವು. ಕೆಳಗೆ ನಿಂತಿದ್ದ ಆನ್ ಸುತ್ತಲೂ ಕಾಳು. ಅವತ್ತು ಅವರು ನಕ್ಕರು, ಆದರೆ ಒಂದೊಂದು ಕಾಳನ್ನೂ ಹೆಕ್ಕಿದರು.

ದುಡ್ಡು ಎಲ್ಲಿಂದ ಅಂದಿರಿ. ಕಂಪನಿ ನಡೆಯುತ್ತಲೇ ಇತ್ತಲ್ಲ. ಹೆಸರು ಬೇರೆಯವರದು, ಆದರೆ ಮೇಲಿನಿಂದ ಆಟೊ ಸಲಹೆ ಕೊಡುತ್ತಿದ್ದರು. ಒಂದು ಮುಖ್ಯ ವ್ಯವಹಾರದ ಸಭೆ ಕೆಳಗಿನ ಕೋಣೆಯಲ್ಲಿ ನಡೆದಾಗ ಆಟೊ ಮತ್ತು ಮಾರ್ಗಟ್ ಮೇಲೆ ನೆಲಕ್ಕೆ ಕಿವಿಯಿಟ್ಟು ಮಲಗಿ ಕೇಳಿಸಿಕೊಂಡರು. ಹುಡುಗಿಯರು ಬಿಲ್ಲು ಜೋಡಿಸುವ, ಪೊಟ್ಟಣ ತುಂಬುವ ಕೆಲಸ ಮಾಡಿಕೊಡುತ್ತಿದ್ದರು. ಫಾನ್ ಪೆಲ್ಸ್ ಮನೆಯವರ ದುಡ್ಡು ಬೇಗ ಕರಗಿತು. 1943ರಲ್ಲಿ ಔಗುಸ್ಟ ಅವರ ತುಪ್ಪಳದ ಕೋಟು ಮಾರಬೇಕಾಯಿತು. ಅದರ ದುಡ್ಡಿಗೂ ಗಂಡ ಹೆಂಡತಿ ನಡುವೆ ದೊಡ್ಡ ಜಗಳ.

ಸಹಾಯ ಅಂದರೆ ಊಟ ಮಾತ್ರ ಅಲ್ಲ. ಪ್ರತಿ ಶನಿವಾರ ಮೀಪ್ ಲೈಬ್ರರಿಯ ಪುಸ್ತಕ ತರುತ್ತಿದ್ದರು. ಕೂಗ್ಲರ್ ಸೋಮವಾರ ಆನ್‌ಗೆ ಸಿನಿಮಾ ಪತ್ರಿಕೆ ತರುತ್ತಿದ್ದರು. ಮಾರ್ಗಟ್ ಅಂಚೆ ಮೂಲಕ ಲ್ಯಾಟಿನ್ ಕಲಿತಳು, ಅರ್ಜಿ ಹಾಕಿದ್ದು ಬೆಪ್ ಹೆಸರಿನಲ್ಲಿ. ಫೆಫರ್ ಅವರ ಸಂಗಾತಿ ಊರಿನಲ್ಲೇ ಇದ್ದರು, ಅವರಿಬ್ಬರ ಪತ್ರಗಳನ್ನು ಮೀಪ್ ಸಾಗಿಸುತ್ತಿದ್ದರು. ಆ ಹೆಂಗಸಿಗೆ ಫೆಫರ್ ಎಲ್ಲಿದ್ದಾರೆ ಅಂತ ಗೊತ್ತಿರಲಿಲ್ಲ. ಒಂದು ರಾತ್ರಿ ಮೀಪ್ ಮತ್ತು ಯಾನ್ ಅಲ್ಲೇ ಮೇಲೆ ಉಳಿದುಕೊಂಡರು. ಭಯಕ್ಕೆ ಮೀಪ್ ಕಣ್ಣು ಮುಚ್ಚಲಿಲ್ಲ. ಅಡಗಿರುವುದು ಅಂದರೆ ಏನು ಅಂತ ಅವತ್ತು ಗೊತ್ತಾಯಿತು ಅಂತ ಅವರು ಆಮೇಲೆ ನೆನಪಿಸಿಕೊಂಡಿದ್ದಾರೆ. ಇದೇ ಗಂಡ ಹೆಂಡತಿ ತಮ್ಮ ಮನೆಯಲ್ಲೂ ಒಬ್ಬ ವಿದ್ಯಾರ್ಥಿಯನ್ನು ಅಡಗಿಸಿಟ್ಟಿದ್ದರು, ಅದನ್ನು ಮೇಲಿನವರಿಗೆ ಹೇಳಿರಲಿಲ್ಲ. ಅವರ ಚಿಂತೆ ಹೆಚ್ಚುತ್ತದೆ ಅಂತ.

ಈಗ ಅರ್ಥ ಆಗಿರಬಹುದು, ಒಂದು ಕೊಂಡಿ ಕಳಚಿದರೆ ಏನಾಗುತ್ತದೆ ಅಂತ. 1943ರಲ್ಲಿ ಬೆಪ್ ಅಪ್ಪನಿಗೆ ಕ್ಯಾನ್ಸರ್ ಆಗಿ ಕೆಲಸ ಬಿಟ್ಟರು. ಅವರ ಜಾಗಕ್ಕೆ ಬಂದವನಿಗೆ ಗುಟ್ಟು ಗೊತ್ತಿರಲಿಲ್ಲ, ಅನುಮಾನ ಇತ್ತು. ರಾತ್ರಿ ಯಾರಾದರೂ ಓಡಾಡುತ್ತಾರಾ ಅಂತ ನೋಡಲು ಗೋದಾಮಿನಲ್ಲಿ ಗುರುತು ಇಟ್ಟು ಹೋಗುತ್ತಿದ್ದ. 1944ರ ಮಾರ್ಚ್‌ನಲ್ಲಿ ಕೂಪನ್ ಕೊಡುತ್ತಿದ್ದ ಆ ಇಬ್ಬರು ಪ್ರತಿನಿಧಿಗಳು ಪೊಲೀಸರ ಕೈಗೆ ಸಿಕ್ಕಿಬಿದ್ದರು. ಊಟ ಅಲ್ಲಿಗೇ ಅರ್ಧವಾಯಿತು. ಮೇ 25ಕ್ಕೆ ಫಾನ್ ಹೂವೆ ಬಂಧನ ಆಯಿತು. ಅವರು ತಮ್ಮ ಮನೆಯಲ್ಲೂ ಇಬ್ಬರು ಯಹೂದಿಗಳನ್ನು ಇಟ್ಟುಕೊಂಡಿದ್ದರು! ಆ ಸುದ್ದಿ ಬಂದ ದಿನ ಎಡಿತ್, ಇನ್ನು ಮುಂದೆ ಬೆಳಗಿನ ತಿಂಡಿ ಬಿಡೋಣ, ಮಧ್ಯಾಹ್ನ ಗಂಜಿ ಬ್ರೆಡ್ಡು, ರಾತ್ರಿ ಹುರಿದ ಆಲೂಗಡ್ಡೆ ಅಂತ ಲೆಕ್ಕ ಹಾಕಿದರು. ಹಸಿವು ಸಹಿಸಬಹುದು, ಸಿಕ್ಕಿಬೀಳುವುದಕ್ಕಿಂತ ಮೇಲು ಅಂತ ಆನ್ ಬರೆದಳು.

ಜೂನ್ 6ಕ್ಕೆ ಮಿತ್ರಪಡೆ ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿಯಿತು. ಆಟೊ ಗೋಡೆಯ ಮೇಲೆ ನಕ್ಷೆ ಅಂಟಿಸಿ ಗುಂಡುಸೂಜಿ ಚುಚ್ಚುತ್ತಾ ಹೋದರು. ಎಲ್ಲರಿಗೂ ಇನ್ನೇನು ಬಿಡುಗಡೆ ಬಂತು ಅನ್ನಿಸಿತು, ಎಚ್ಚರಿಕೆಯೂ ಸ್ವಲ್ಪ ಸಡಿಲಾಯಿತು. ಜುಲೈನಲ್ಲಿ ಆಫೀಸಿಗೆ ರಾಶಿ ಸ್ಟ್ರಾಬೆರಿ ಬಂದಾಗ ಹಾಡಹಗಲೇ ಎಲ್ಲರೂ ಕೆಳಗಿನ ಅಡುಗೆಮನೆಗೆ ಇಳಿದು ಹಣ್ಣು ಬಿಡಿಸಿ ಜಾಮ್ ಮಾಡಿದರು. ಕೆಲಸಗಾರರು ಇರುವಾಗ ಇದೇನು ಅಂತ ಆನ್ ಆತಂಕಪಟ್ಟುಕೊಂಡಿದ್ದಾಳೆ.

1944ರ ಆಗಸ್ಟ್ 4, ಶುಕ್ರವಾರ, ಬೆಳಿಗ್ಗೆ ಪೊಲೀಸರು ಬಂದರು. ಕಾರ್ಲ್ ಸಿಲ್ಬರ್‌ಬವರ್ ಅನ್ನುವ ಎಸ್‌ಎಸ್ (ನಾಜಿಗಳ ವಿಶೇಷ ಪಡೆ) ಅಧಿಕಾರಿ, ಜೊತೆಗೆ ಡಚ್ ಪೊಲೀಸರು. ಇಲ್ಲಿ ಎಷ್ಟು ದಿನದಿಂದ ಇದ್ದೀರಿ ಅಂತ ಅವನು ಕೇಳಿದ. ಎರಡು ವರ್ಷ ಅಂದಾಗ ನಂಬಲಿಲ್ಲ. ಆಟೊ ಗೋಡೆಯ ಮೇಲಿನ ಪೆನ್ಸಿಲ್ ಗೆರೆಗಳನ್ನು ತೋರಿಸಿದರು.

ಹಿಡಿದುಕೊಟ್ಟವರು ಯಾರು? ಇದಕ್ಕೆ ಖಚಿತ ಉತ್ತರ ಇವತ್ತಿಗೂ ಇಲ್ಲ, ಇದೆ ಅನ್ನುವವರನ್ನು ನಂಬಬೇಡಿ. ಗೋದಾಮಿನ ಆ ಹೊಸ ಮೇಲ್ವಿಚಾರಕನ ಮೇಲೆ 1948ರಲ್ಲಿ, ಮತ್ತೆ 1963ರಲ್ಲಿ ತನಿಖೆಯಾಯಿತು, ಏನೂ ಸಾಬೀತಾಗಲಿಲ್ಲ. 2022ರಲ್ಲಿ ಒಂದು ತಂಡ ಒಬ್ಬ ಯಹೂದಿ ನೋಟರಿಯ ಹೆಸರು ಹೇಳಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಡಚ್ ಇತಿಹಾಸಕಾರರು ಆ ವಾದದ ತಳಪಾಯವೇ ಸರಿಯಿಲ್ಲ ಅಂತ ತೋರಿಸಿದರು, ಹಾಲೆಂಡಿನ ಪ್ರಕಾಶಕರು ಪುಸ್ತಕವನ್ನೇ ಹಿಂತೆಗೆದುಕೊಂಡರು. ನನಗೆ ಹೆಚ್ಚು ಯೋಚಿಸುವಂತೆ ಮಾಡಿದ್ದು 2016ರಲ್ಲಿ ಆನ್ ಫ್ರಾಂಕ್ ಹೌಸ್ (ಈಗ ಆ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯ) ಮುಂದಿಟ್ಟ ಇನ್ನೊಂದು ಸಾಧ್ಯತೆ: ಪೊಲೀಸರು ಯಹೂದಿಗಳನ್ನು ಹುಡುಕಿಕೊಂಡೇ ಬಂದಿರಬೇಕು ಅಂತಿಲ್ಲ. ಕಳ್ಳ ಕೂಪನ್ ಅಥವಾ ಅಕ್ರಮ ಕೆಲಸದ ತನಿಖೆಗೆ ಬಂದು, ಅಡಗಿದ್ದವರು ಅಕಸ್ಮಾತ್ತಾಗಿ ಸಿಕ್ಕಿರಬಹುದು. ಆ ಇಬ್ಬರು ಪ್ರತಿನಿಧಿಗಳು ಇದೇ ಕಟ್ಟಡದ ಕಂಪನಿಯವರಲ್ವಾ? ಇದೂ ಸಾಬೀತಾದ ಮಾತಲ್ಲ. ಆದರೆ ಹೀಗಾಗಿದ್ದರೆ, ಅವರಿಗೆ ಅನ್ನ ಕೊಟ್ಟ ದಾರಿಯಲ್ಲೇ ಪೊಲೀಸರೂ ಬಂದರು ಅಂತ ಆಗುತ್ತದೆ. ಒಬ್ಬ ದ್ರೋಹಿಯ ಹೆಸರು ಸಿಕ್ಕರೆ ಕಥೆ ಸುಲಭವಾಗುತ್ತದೆ, ಅದಕ್ಕೇ ಜನ ಅದನ್ನೇ ಹುಡುಕುತ್ತಾರೆ. ಅಷ್ಟು ಸುಲಭ ಇರಲಿಲ್ಲ ಅನ್ನುವುದೇ ನನ್ನ ಅಭಿಪ್ರಾಯ.

ದ್ರೋಹ ನಡೆಯುತ್ತಿರಲಿಲ್ಲ ಅಂತಲ್ಲ. ಧಾರಾಳವಾಗಿ ನಡೆಯುತ್ತಿತ್ತು. ಒಬ್ಬ ಯಹೂದಿಯನ್ನು ಹಿಡಿದುಕೊಟ್ಟರೆ ಏಳೂವರೆ ಗಿಲ್ಡರ್ (ಹಾಲೆಂಡಿನ ಆಗಿನ ನಾಣ್ಯ) ಬಹುಮಾನ, ಆಮೇಲೆ ಅದು ಇನ್ನೂ ಏರಿತು. ಹೆನ್ನೆಕೆ ಅನ್ನುವವನ ಗುಂಪು ಇದನ್ನೇ ಉದ್ಯೋಗ ಮಾಡಿಕೊಂಡು 1943ರಲ್ಲಿ ಕೆಲವೇ ತಿಂಗಳಲ್ಲಿ 8,000ಕ್ಕೂ ಹೆಚ್ಚು ಜನರನ್ನು ಹಿಡಿಯಿತು. ಹಾಲೆಂಡಿನಲ್ಲಿ ಸುಮಾರು 1,40,000 ಯಹೂದಿಗಳಿದ್ದರು. ಸುಮಾರು 1,07,000 ಜನರನ್ನು ರೈಲಿನಲ್ಲಿ ಶಿಬಿರಗಳಿಗೆ ಸಾಗಿಸಿದರು, ತಿರುಗಿ ಬಂದವರು 5,000ದಷ್ಟು. ಅಡಗಿಕೊಂಡವರು 25,000ಕ್ಕಿಂತ ಜಾಸ್ತಿ. ಅವರಲ್ಲಿ ಹೆಚ್ಚಿನವರು ಬದುಕುಳಿದರು, ಸಾವಿರಾರು ಜನ ಸಿಕ್ಕಿಬಿದ್ದರು. ಅಡಗಿದವರಲ್ಲಿ ಫ್ರಾಂಕ್ ಕುಟುಂಬದ ಹಾಗೆ ಅಪ್ಪ ಅಮ್ಮ ಮಕ್ಕಳು ಒಂದೇ ಕಡೆ, ಎರಡು ವರ್ಷ, ಜಾಗ ಬದಲಿಸದೆ ಇದ್ದವರು ಕಡಿಮೆ. ಹೆಚ್ಚಿನ ಮನೆಗಳಲ್ಲಿ ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ. ಮಕ್ಕಳನ್ನು ಸುಳ್ಳು ಹೆಸರಿನಲ್ಲಿ ಹಳ್ಳಿಯ ಅಪರಿಚಿತರ ಮನೆಗೆ ಕಳಿಸುತ್ತಿದ್ದರು, ಅಲ್ಲಿಂದ ಇನ್ನೊಂದು ಮನೆಗೆ, ಮತ್ತೊಂದಕ್ಕೆ. ಯುದ್ಧ ಮುಗಿದು ಅಮ್ಮ ಹುಡುಕಿಕೊಂಡು ಬಂದಾಗ ಗುರುತೇ ಸಿಗದ ಚಿಕ್ಕ ಮಕ್ಕಳೂ ಇದ್ದರು. ನಿಮ್ಮ ಮಗಳಿಗೆ ಇದನ್ನೂ ಹೇಳಿ. ಆನ್ ಕಥೆ ಎಲ್ಲರ ಕಥೆಯ ಮಾದರಿ ಅಲ್ಲ.

8 ಜನರನ್ನು ಮೊದಲು ಹಾಲೆಂಡಿನಲ್ಲೇ ಇದ್ದ ವೆಸ್ಟರ್‌ಬೋರ್ಕ್ ಶಿಬಿರಕ್ಕೆ ಕಳಿಸಿದರು. ಅಲ್ಲಿಂದ ಸೆಪ್ಟೆಂಬರ್ 3ರ ರೈಲಿನಲ್ಲಿ ಪೋಲೆಂಡಿನ ಆಶ್ವಿಟ್ಜ್ ಸಾವಿನ ಶಿಬಿರಕ್ಕೆ. ವೆಸ್ಟರ್‌ಬೋರ್ಕ್‌ನಿಂದ ಆಶ್ವಿಟ್ಜ್‌ಗೆ ಹೋದ ಕೊನೆಯ ರೈಲು ಅದು, 1,019 ಜನ ಇದ್ದರು. ಎಡಿತ್ 1945ರ ಜನವರಿ 6ಕ್ಕೆ ಆಶ್ವಿಟ್ಜ್‌ನಲ್ಲೇ ತೀರಿಕೊಂಡರು. ಮಾರ್ಗಟ್ ಮತ್ತು ಆನ್‌ರನ್ನು ಜರ್ಮನಿಯ ಬರ್ಗನ್-ಬೆಲ್ಸನ್ ಶಿಬಿರಕ್ಕೆ ಸಾಗಿಸಿದ್ದರು. ಅಲ್ಲಿ ಹರಡಿದ ಟೈಫಸ್ ಜ್ವರದಲ್ಲಿ, ಬಿಡುಗಡೆಗೆ ಕೆಲವೇ ವಾರ ಮೊದಲು, ಇಬ್ಬರೂ ಸತ್ತರು. 8 ಜನರಲ್ಲಿ ಉಳಿದವರು ಆಟೊ ಒಬ್ಬರೇ.

ಸಹಾಯ ಮಾಡಿದವರ ವಿಷಯಕ್ಕೆ ಬರುತ್ತೇನೆ. ಕ್ಲೈಮನ್, ಕೂಗ್ಲರ್ ಇಬ್ಬರನ್ನೂ ಅವತ್ತೇ ಬಂಧಿಸಿದರು. ಕ್ಲೈಮನ್‌ಗೆ ಹೊಟ್ಟೆಯ ಕಾಯಿಲೆ ಇತ್ತು, ಸೆಪ್ಟೆಂಬರ್‌ನಲ್ಲಿ ಬಿಟ್ಟರು. ಕೂಗ್ಲರ್ ಒಂದು ಶಿಬಿರದಿಂದ ಇನ್ನೊಂದಕ್ಕೆ ಅಲೆದು, 1945ರ ಮಾರ್ಚ್‌ನಲ್ಲಿ ಕೈದಿಗಳನ್ನು ನಡೆಸಿಕೊಂಡು ಹೋಗುವಾಗ ವಿಮಾನ ದಾಳಿಯಾದ ಗಡಿಬಿಡಿಯಲ್ಲಿ ತಪ್ಪಿಸಿಕೊಂಡರು. ಮೀಪ್‌ಗೆ ಸಿಲ್ಬರ್‌ಬವರ್ ಮಾತಿನ ಧಾಟಿ ಕೇಳಿಯೇ ವಿಯೆನ್ನಾದವನು ಅಂತ ಗೊತ್ತಾಯಿತು. ನಾನೂ ವಿಯೆನ್ನಾದವಳೇ ಅಂದರು. ಅವನು ಕೂಗಾಡಿದ, ಆದರೆ ಬಂಧಿಸಲಿಲ್ಲ. ಕೆಲವು ದಿನದಲ್ಲಿ ಮೀಪ್ ನೇರವಾಗಿ ಜರ್ಮನ್ ಪೊಲೀಸ್ ಕಚೇರಿಗೇ ಹೋಗಿ, ದುಡ್ಡು ಕೊಡುತ್ತೇನೆ, ಅವರನ್ನು ಬಿಡಿ ಅಂತ ಕೇಳಿದರು. ಆಗಲಿಲ್ಲ. ಆನ್ ಬರೆದಿದ್ದ ಹಾಳೆಗಳನ್ನು ಮೀಪ್ ಮತ್ತು ಬೆಪ್ ನೆಲದಿಂದ ಎತ್ತಿಕೊಂಡಿದ್ದರು. ಮೀಪ್ ಅವನ್ನು ಓದದೆ ಮೇಜಿನ ಡ್ರಾಯರಿನಲ್ಲಿಟ್ಟರು. ಓದಿದ್ದರೆ ಸುಟ್ಟುಹಾಕಬೇಕಾಗುತ್ತಿತ್ತು, ಅದರಲ್ಲಿ ನಮ್ಮೆಲ್ಲರ ಹೆಸರೂ ಇತ್ತು ಅಂತ ಆಮೇಲೆ ಹೇಳಿದ್ದಾರೆ.

1945ರ ಜೂನ್ 3ಕ್ಕೆ ಆಟೊ ಆಮ್‌ಸ್ಟರ್‌ಡಾಮ್‌ಗೆ ತಿರುಗಿ ಬಂದಾಗ ಹೋಗಲು ಸ್ವಂತ ಮನೆ ಇರಲಿಲ್ಲ. ಮೀಪ್ ಮತ್ತು ಯಾನ್ ಮನೆಗೆ ಹೋದರು, ಏಳು ವರ್ಷ ಅವರ ಜೊತೆಯಲ್ಲೇ ಇದ್ದರು. ತರಕಾರಿಯ ಫಾನ್ ಹೂವೆ ಅವರನ್ನು ಹಾಲೆಂಡಿನ ಫುಖ್ಟ್ ಶಿಬಿರಕ್ಕೆ, ಆಮೇಲೆ ಜರ್ಮನಿಯ ಶಿಬಿರಗಳಿಗೆ ಒಯ್ದಿದ್ದರು. ಅವರೂ ಬದುಕಿ ಬಂದರು.